ಊಟದ ಮೇಜಿನ ಪಾಠ

ನಂದಕಿಶೋರನಿಗೆ ದೇವರ ಮೇಲೆ ಎಷ್ಟು ನಂಬಿಕೆ ಇತ್ತೋ ಗೊತ್ತಿಲ್ಲ, ಪರಿಸರದ ಮೇಲಂತೂ ಅಪಾರ ನಂಬಿಕೆ ಇತ್ತು. ಪರಿಸರ ಎಂದರೆ ಅವನ ಬಾಯಲ್ಲಿ ಗಿಡಮರ, ಕೆರೆಕುಂಟೆ ಅಲ್ಲ. ಪಕ್ಕದ ಮನೆಯವರು, ಎದುರು ಮನೆಯವರು, ಶಾಲೆಯಲ್ಲಿ ಮಗಳ ಬೆಂಚಿನಲ್ಲಿ ಕೂರುವ ಮಕ್ಕಳು, ಆ ಮಕ್ಕಳನ್ನು ಹೆತ್ತವರು, ಅವರಾಡುವ ಮಾತು. ಒಳ್ಳೆಯವರ ನಡುವೆ ಬೆಳೆದರೆ ಮಗು ಒಳ್ಳೆಯದಾಗುತ್ತದೆ, ಕೀಳು ಜನರ ನಡುವೆ ಬೆಳೆದರೆ ಕೀಳಾಗುತ್ತದೆ, ಇದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಕೀಳು ಜನ ಯಾರು ಎಂಬುದರಲ್ಲೂ ಇರಲಿಲ್ಲ.

ಅವನದು ತೆರಿಗೆ ಲೆಕ್ಕ ನೋಡುವ ಕೆಲಸ. ಮಾಲೂರಿನ ಇಟ್ಟಿಗೆ ಗೂಡಿನವರು, ಶ್ರೀನಿವಾಸಪುರದ ಮಾವಿನ ಮಂಡಿಯವರು, ಮುಳಬಾಗಿಲಿನ ಹೆದ್ದಾರಿ ಬದಿಯ ಅಂಗಡಿಯವರು, ಎಲ್ಲರೂ ಅವನ ಗಿರಾಕಿಗಳು. ಜಿಲ್ಲೆಯಲ್ಲಿ ಎಲ್ಲಿ ಮನೆ ಮಾಡಿದರೂ ನಡೆಯುತ್ತಿತ್ತು. ಅವನ ಹೆಂಡತಿ ಸುಮೇಧಾಳ ಪಾಲಿಗೆ ಇದೇ ದೊಡ್ಡ ಕಷ್ಟವಾಯಿತು.

ಮಗಳು ಸೌಪರ್ಣಿಕಾ ಹುಟ್ಟಿದ್ದು ಮುಳಬಾಗಿಲಿನಲ್ಲಿ, ಮಠದ ಹತ್ತಿರದ ಹಳೇ ಮನೆಯಲ್ಲಿ. ಅವಳಿಗೆ ನಾಲ್ಕು ತುಂಬುವ ಮೊದಲು ಮೈಸೂರಿನಿಂದ ನೆಂಟರೊಬ್ಬರು ಬಂದಿದ್ದರು. ಅವರು ಪ್ರೀತಿಯಿಂದ ಹಾಲಿನ ಲೋಟ ಮುಂದೆ ಹಿಡಿದಾಗ ಮಗು, "ನಾಕೊದ್ದು ಪೋ," ಎಂದು ತೆಲುಗಿನಲ್ಲಿ ಬೇಡ ಹೋಗು ಎಂದಿತು. ನೆಂಟರು ನಕ್ಕು ಸುಮ್ಮನಾದರು. ನಂದಕಿಶೋರ ಸುಮ್ಮನಾಗಲಿಲ್ಲ.

"ಈ ಬೀದೀಲಿ ಇದ್ರೆ ಮಗು ಹಾಳಾಗುತ್ತೆ," ಎಂದ.

ಅವನ ತಾಯಿ ಜಾನಕಮ್ಮ ಹೂ ಕಟ್ಟುತ್ತ ಕೂತಿದ್ದರು. "ನೀನೂ ಇದೇ ಬೀದೀಲಿ ಬೆಳೆದೋನು ಕಣೋ. ಜಗಳ ಆಡೋವಾಗ ತೆಲುಗಲ್ಲೇ ಬೈತಿದ್ದೆ. ಈಗ್ಲೂ ಫೋನಲ್ಲಿ ದಿನವಿಡೀ ತೆಲುಗಲ್ಲೇ ಮಾತಾಡ್ತೀಯ."

"ಅದು ಬಿಸಿನೆಸ್ಸಮ್ಮ."

ಜಾನಕಮ್ಮ ಮಗನನ್ನೊಮ್ಮೆ ನೋಡಿ, ಮತ್ತೆ ಹೂವಿನ ಕಡೆ ತಿರುಗಿಕೊಂಡರು. ಅವರಿಗೆ ಅವನ ವಿದ್ಯೆಯ ಬಗ್ಗೆ ಗೌರವವಿತ್ತು, ಬುದ್ಧಿಯ ಬಗ್ಗೆ ಇರಲಿಲ್ಲ.

ಹೀಗೆ ಜಾನಕಮ್ಮನನ್ನು ಹಳೇ ಮನೆಯಲ್ಲೇ ಬಿಟ್ಟು ಮೂವರೂ ಮಾಲೂರಿಗೆ ಬಂದರು. ರೈಲು ನಿಲ್ದಾಣದ ಹತ್ತಿರ ಹೊಸ ಅಪಾರ್ಟ್‌ಮೆಂಟು. ಬೆಂಗಳೂರಿಗೆ ದಿನಾ ಓಡಾಡುವ ವಿದ್ಯಾವಂತರೇ ಎಲ್ಲರೂ. ಮೊದಲ ತಿಂಗಳು ನಂದಕಿಶೋರನಿಗೆ ಸ್ವರ್ಗಕ್ಕೆ ಬಂದ ಹಾಗಾಯಿತು. ಆಮೇಲೆ ಆ ವಿದ್ಯಾವಂತರ ಮಕ್ಕಳು ಕೆಲಸದವರ ಕೈಯಲ್ಲಿ, ಮೊಬೈಲು ನೋಡುತ್ತ ಬೆಳೆಯುತ್ತಿದ್ದಾರೆ ಎಂಬುದು ಕಣ್ಣಿಗೆ ಬಿತ್ತು. "ಅನಾಥಾಲಯ ಇದು. ಮೆಂಟೆನೆನ್ಸು ಕಟ್ಟಿಸ್ಕೊಳ್ಳೋ ಅನಾಥಾಲಯ," ಎಂದ. ಸೌಪರ್ಣಿಕಾಗೆ ಕೆಳಗಿನ ಮನೆಯಲ್ಲಿ ಒಬ್ಬ ಗೆಳತಿ ಇದ್ದಳು. ಸಾಮಾನು ಲಾರಿಗೆ ಏರಿದ ದಿನ ಇಬ್ಬರೂ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು. ಕಾರಿನಲ್ಲಿ ನಂದಕಿಶೋರ ಮಗಳ ತಲೆ ಸವರಿ, "ಅದಕ್ಯಾಕೆ ಅಳ್ತೀಯ ಪುಟ್ಟ, ಕೋಲಾರದಲ್ಲಿ ಇದಕ್ಕಿಂತ ಒಳ್ಳೆ ಕ್ವಾಲಿಟಿ ಮಕ್ಕಳು ಸಿಗ್ತಾರೆ," ಎಂದು ಸಮಾಧಾನ ಮಾಡಿದ. ಮಕ್ಕಳ ವಿಷಯದಲ್ಲಿ ಅವನು ಕ್ವಾಲಿಟಿ ಎಂಬ ಮಾತನ್ನು ಯಾವ ನಾಚಿಕೆಯೂ ಇಲ್ಲದೆ ಬಳಸುತ್ತಿದ್ದ.

ಕೋಲಾರದಲ್ಲಿ ಪಕ್ಕದ ಮನೆಯವರು ಕೋದಂಡರಾಮಪ್ಪ ಎಂಬ ನಿವೃತ್ತ ಲೆಕ್ಚರರು. ಮನೆ ತುಂಬ ಪುಸ್ತಕ. "ಇದಪ್ಪಾ ಪರಿಸರ ಅಂದ್ರೆ," ಎಂದು ನಂದಕಿಶೋರ ಹಿಗ್ಗಿದ. ಸಂಜೆಯಾದರೆ ಅವರು ಮಹಡಿಯ ಮೇಲೆ ಬೀದಿಯವರನ್ನೆಲ್ಲ ಕೂಡಿಸಿಕೊಂಡು ಇಸ್ಪೀಟು ಆಡುತ್ತಾರೆ, ಆಟೋ ಓಡಿಸುವವನೂ ಆ ಗುಂಪಿನಲ್ಲಿ ಇರುತ್ತಾನೆ ಎಂದು ತಿಳಿಯುವ ತನಕ ಆ ಹಿಗ್ಗು ಉಳಿಯಿತು. ಆ ಮನೆಯನ್ನೂ ಬಿಟ್ಟರು. ಈ ಸಲ ಸೌಪರ್ಣಿಕಾ ಅಳಲಿಲ್ಲ. ಕೋಲಾರದಲ್ಲಿ ಇದ್ದಷ್ಟು ಕಾಲವೂ ಅವಳ ಬಾಯಲ್ಲಿ ಒಬ್ಬ ಗೆಳತಿಯ ಹೆಸರೂ ಬಂದಿರಲಿಲ್ಲ. ಅವಳು ಚೆನ್ನಾಗಿ ಓದುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಜನರನ್ನು ಮಾತ್ರ ಅಂಗಡಿಯಲ್ಲಿ ಬೇಡದ ಸಾಮಾನು ನೋಡುವ ಹಾಗೆ ನೋಡುತ್ತಿದ್ದಳು. ಟೀಚರುಗಳು ಅದನ್ನು ಗಾಂಭೀರ್ಯ ಎಂದು ಹೊಗಳುತ್ತಿದ್ದರು.

ಊರು ಬದಲಾದರೂ ಆ ಮನೆಯಲ್ಲಿ ಒಂದು ಪದ್ಧತಿ ಬದಲಾಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನಂದಕಿಶೋರ ಅವತ್ತು ಭೇಟಿಯಾದ ಗಿರಾಕಿಗಳ ನಕಲು ಮಾಡುತ್ತಿದ್ದ. ಇಟ್ಟಿಗೆ ಗೂಡಿನ ಯಜಮಾನ ಜಿಎಸ್‌ಟಿ ಎನ್ನಲು ತಡವರಿಸುವುದು, ಮಂಡಿಯವನು ಸಹಿ ಹಾಕುವಾಗ ನಾಲಿಗೆ ಹೊರಗೆ ಚಾಚುವುದು, ಯಾರದೋ ಹೆಂಡತಿ ಬ್ಯಾಂಕಿಗೆ ಬ್ಯಾಂಕು ಎನ್ನದೆ ಬೇಂಕು ಎನ್ನುವುದು. ಅವನಿಗೆ ಆ ಕಲೆ ಸೊಗಸಾಗಿ ಒಲಿದಿತ್ತು. ಇಡೀ ದಿನ ಬಿಗಿದುಕೊಂಡಿರುತ್ತಿದ್ದ ಮನುಷ್ಯ ಆಗ ಮಾತ್ರ ಹಗುರಾಗುತ್ತಿದ್ದ. ಸೌಪರ್ಣಿಕಾ ಬಾಯಿ ತುಂಬ ಅನ್ನ ಇಟ್ಟುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಆ ಮನೆಯಲ್ಲಿ ಅಪ್ಪ ಮಗಳು ಒಟ್ಟಿಗೆ ನಗುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ. ಸುಮೇಧಾಳೂ ಮೊದಮೊದಲು ನಗುತ್ತಿದ್ದಳು. ಆಮೇಲೆ ನಗು ನಿಂತಿತು, ಆದರೆ ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಗಂಡ ಸಂತೋಷವಾಗಿರುವ ಹೊತ್ತನ್ನು ಯಾಕೆ ಕೆಡಿಸುವುದು ಎಂದು ಪಾತ್ರೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ನಾಲ್ಕನೆಯ ಮನೆ ಶ್ರೀನಿವಾಸಪುರದ್ದು. ಊರಾಚೆ ಮಾವಿನ ತೋಪುಗಳ ನಡುವೆ ಒಂದು ಟ್ರಸ್ಟಿನವರು ಹೊಸ ಶಾಲೆ ತೆರೆದಿದ್ದರು. ಸುತ್ತ ಮನೆಯಿಲ್ಲ, ಅಂಗಡಿಯಿಲ್ಲ, ಬೀದಿ ಮಕ್ಕಳಿಲ್ಲ. ನಂದಕಿಶೋರ ಮೂಗು ಮುಚ್ಚಿಕೊಂಡು ಜೀವನವಿಡೀ ಹುಡುಕಿದ ಜಾಗ ಇದೇ. ಮಗಳನ್ನು ಎಂಟನೇ ತರಗತಿಗೆ ಸೇರಿಸಿದ. ಶಾಲೆಯ ಜಾಗ ಚನ್ನರಾಯಪ್ಪ ಎಂಬ ರೈತರದಾಗಿತ್ತೆಂದೂ, ಕೊಡುವಾಗ ಅವರು ತಮ್ಮ ಹಳ್ಳಿಯ ಮಕ್ಕಳಿಗೆ ಇಲ್ಲಿ ಸೀಟು ಕೊಡಬೇಕೆಂದು ಮಾತು ತೆಗೆದುಕೊಂಡಿದ್ದರೆಂದೂ ಅವನಿಗೆ ಗೊತ್ತಾದದ್ದು ಆಮೇಲೆ.

ಗೊತ್ತಾದದ್ದು ಪೋಷಕರ ಸಭೆಯಲ್ಲಿ. ಅವನ ಪಕ್ಕದ ಕುರ್ಚಿಯಲ್ಲಿ ಚನ್ನರಾಯಪ್ಪನ ಹೆಂಡತಿ ಗಂಗರತ್ನಮ್ಮ ಬಂದು ಕೂತರು. ಅವರ ಮಗಳು ಮೇಘನ ಸೌಪರ್ಣಿಕಾಳ ತರಗತಿಯವಳೇ. ನಂದಕಿಶೋರ ತನ್ನ ಕುರ್ಚಿಯನ್ನು ಸ್ವಲ್ಪ ಈಚೆ ಎಳೆದುಕೊಂಡ. ಮಾತಾಡುವ ಅವಕಾಶ ಸಿಕ್ಕಾಗ ಎದ್ದು ನಿಂತು, "ಮಕ್ಕಳು ಕಿವಿಗೆ ಬಿದ್ದಿದ್ದನ್ನೇ ಕಲೀತಾರೆ. ಉಚ್ಚಾರಣೆ ಸರಿ ಇಲ್ಲದ ಮಕ್ಕಳ ಜೊತೆ ಕೂತರೆ ಸರಿ ಇರೋ ಮಕ್ಕಳದ್ದೂ ಕೆಡುತ್ತೆ. ಹಳ್ಳಿ ಮಕ್ಕಳಿಗೆ ಬೇರೆ ಸೆಕ್ಷನ್ ಮಾಡಿದ್ರೆ ಅವರಿಗೂ ಅನುಕೂಲ," ಎಂದ. 'ಅವರಿಗೂ' ಎನ್ನುವಾಗ ದನಿಗೆ ಸ್ವಲ್ಪ ಸಕ್ಕರೆ ಸೇರಿಸಿದ.

ಗಂಗರತ್ನಮ್ಮ ಕೂತಲ್ಲಿಂದಲೇ, "ಮಾಡ್ಲಿ ಸಾ. ಜಾಗ ನಮ್ದೇ ಅಲ್ವಾ, ನಮ್ಮ ಮಕ್ಳು ಎಲ್ ಕುಂತ್ರೂ ಆಯ್ತದೆ. ನಿಮ್ಮೋರ್‌ನ ಎಲ್ ಕೂರಿಸ್ಬೇಕು ಅಂತ ನೀವೇ ಯೋಳಿ," ಎಂದರು.

ಸಭೆ ಗೊಳ್ಳೆಂದು ನಕ್ಕಿತು. ಹೆಡ್ಮಾಸ್ಟರು ಕೂಡ ಫೈಲಿನ ಹಿಂದೆ ಮುಖ ಮರೆಸಿಕೊಂಡು ನಕ್ಕರು. ನಂದಕಿಶೋರ ಕೂತುಬಿಟ್ಟ.

ಅವತ್ತಿನ ಊಟದ ಹೊತ್ತಿಗೆ ಗಂಗರತ್ನಮ್ಮನ ಸರದಿ. ಸೆರಗು ಸಿಕ್ಕಿಸಿಕೊಂಡ ಹಾಗೆ ಸೊಂಟಕ್ಕೆ ಕೈಯಿಟ್ಟು, ಕತ್ತು ಕೊಂಕಿಸಿ, "ಜಾಗ ನಮ್ದೇ ಅಲ್ವಾ ಸಾ," ಎಂದ. ಮತ್ತೆ ಮತ್ತೆ ಅಂದ. ಮಧ್ಯಾಹ್ನದ ಉರಿ ಆರುವ ತನಕ ಅಂದ. ಸೌಪರ್ಣಿಕಾ ನಗುತ್ತ ತಟ್ಟೆ ಪಕ್ಕಕ್ಕೆ ಸರಿಸಿ, "ಅಪ್ಪಾ, ಅವಳ ಮಗಳು ಹೇಗೆ ಓದ್ತಾಳೆ ಗೊತ್ತಾ," ಎಂದು ಎದ್ದು ನಿಂತಳು. ಎರಡೂ ಕೈಯಲ್ಲಿ ಇಲ್ಲದ ಪುಸ್ತಕ ಹಿಡಿದು, ಕಣ್ಣು ಕಿರಿದು ಮಾಡಿ, "ಅಸುವಿನ ಆಲು ಅತ್ತು ಲೀಟರ್ ಎಚ್ಚಾಯಿತು," ಎಂದು ಓದಿ ತೋರಿಸಿದಳು.

ನಂದಕಿಶೋರ ಮೇಜು ಕುಟ್ಟಿ ನಕ್ಕ. ಸುಮೇಧಾ ನಗಲಿಲ್ಲ. ಗಂಡ ಅಣಕಿಸುವಾಗ ಅದರಲ್ಲಿ ಒಂದಿಷ್ಟು ಆಟವಾದರೂ ಇರುತ್ತಿತ್ತು. ಮಗಳ ಮುಖದಲ್ಲಿ ಅದೂ ಇರಲಿಲ್ಲ. ಸತ್ತ ಜಿರಲೆಯನ್ನು ಕಾಗದದಲ್ಲಿ ಎತ್ತಿ ಆಚೆ ಹಾಕುವಾಗ ಇರುವಂಥ ಮುಖ.

"ಸಾಕು, ಕೂತು ಊಟ ಮಾಡು," ಎಂದಳು.

"ನಗೋದಕ್ಕೂ ನಿನ್ನ ಪರ್ಮಿಶನ್ ಬೇಕಾ?" ಎಂದ ನಂದಕಿಶೋರ.

ವಾರ ಕಳೆದಿರಬೇಕು. ಕನ್ನಡ ಟೀಚರು ಆಶಾರಾಣಿ ಸುಮೇಧಾಗೆ ಫೋನು ಮಾಡಿದರು. ದೂರು ಹೇಳಲು ಅಲ್ಲ, ಹೊಗಳಲು.

"ನಿಮ್ಮ ಮಗಳಲ್ಲಿ ಎಂಥ ಟ್ಯಾಲೆಂಟ್ ಇದೆ ಮೇಡಂ. ಬೆಳಿಗ್ಗೆ ಪ್ರಾರ್ಥನೆಯಲ್ಲಿ ಆ ಮೇಘನ ವಾರ್ತೆ ಓದಿದ್ಲಾ, ಕ್ಲಾಸಿಗೆ ಬಂದ ಮೇಲೆ ಇವಳು ಅದನ್ನ ಹಾಗ್‌ಹಾಗೇ ಮಾಡಿ ತೋರಿಸಿದ್ಲು. ಡಿಟ್ಟೋ. ನಮಗೆಲ್ಲ ಹೊಟ್ಟೆ ಹುಣ್ಣಾಯ್ತು. ಮಿಮಿಕ್ರಿ ಕಾಂಪಿಟಿಶನ್ನಿಗೆ ಹೆಸರು ಕೊಡಿ."

"ಆ ಹುಡುಗಿ ಕ್ಲಾಸಲ್ಲೇ ಇದ್ಲಾ?"

"ಯಾರು, ಮೇಘನಾನಾ? ಇದ್ಲು. ಸ್ಪೋರ್ಟಿವ್ ಆಗಿ ತಗೊಂಡ್ಲು ಮೇಡಂ, ಏನೂ ಮಾತಾಡ್ಲಿಲ್ಲ."

ಆಶಾರಾಣಿಗೆ ಬಿಎಡ್ ಆಗಿತ್ತು. ಮಕ್ಕಳ ಮನಸ್ಸಿನ ಬಗ್ಗೆ ಒಂದು ಪೇಪರನ್ನೂ ಪಾಸು ಮಾಡಿದ್ದರು.

ಮೇಘನ ಮರುದಿನ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಸುಮೇಧಾ ಮಗಳನ್ನು ಕೂರಿಸಿಕೊಂಡು ಕೇಳಿದಳು.

"ಯಾಕೆ ಹಾಗೆ ಮಾಡಿದೆ?"

"ಅವಳು ಓದಿದ್ದು ಹಾಗೇ ಅಮ್ಮ. ನಾನು ಸೇರಿಸಿ ಹೇಳ್ಲಿಲ್ಲ."

"ನಿನಗೇನಾದ್ರೂ ತೊಂದರೆ ಕೊಟ್ಟಿದ್ಲಾ ಅವಳು?"

"ಇಲ್ಲ. ಮೊದಲ ದಿನ ಪಕ್ಕದಲ್ಲಿ ಜಾಗ ಕೊಟ್ಟಿದ್ಲು. ಮಾವಿನಕಾಯಿ ತಂದ್ಕೊಟ್ಟಿದ್ಲು. ನಾನು ತಿನ್ಲಿಲ್ಲ."

"ನೀನು ಮಾಡಿ ತೋರಿಸುವಾಗ ಅವಳು ಅತ್ಲಾ?"

"ಗೊತ್ತಿಲ್ಲ. ಅವಳ ಕಡೆ ನೋಡ್ಲಿಲ್ಲ."

ಸುಮೇಧಾ ಅವತ್ತು ಸಂಜೆಯೇ ಮಗಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಚನ್ನರಾಯಪ್ಪನವರ ಹಳ್ಳಿಗೆ ಹೊರಟಳು.

ಗಂಗರತ್ನಮ್ಮ ಹುಳು ಮನೆಯಲ್ಲಿ ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದರು. ಬಾಗಿಲಿಗೆ ಬಂದು ಇಬ್ಬರನ್ನೂ ನೋಡಿದರು. ಗುರುತು ಹಿಡಿದರು. ಹೊರಗಿನವರು ಹುಳು ಮನೆಗೆ ಬರುವಂತಿಲ್ಲ, ಅಂಗಳದಲ್ಲಿ ಕೂತಿರಿ ಎಂದು ಹೇಳಿ, ಹಾಕುತ್ತಿದ್ದ ಸೊಪ್ಪು ಮುಗಿಸಿ, ಕೈ ತೊಳೆದು, ನಿಧಾನವಾಗಿ ಬಂದರು. ಅಷ್ಟು ಹೊತ್ತೂ ತಾಯಿ ಮಗಳು ಅಂಗಳದ ಕಲ್ಲಿನ ಮೇಲೆ ಕೂತಿದ್ದರು.

"ನನ್ನ ಮಗಳಿಂದ ತಪ್ಪಾಗಿದೆ," ಎಂದಳು ಸುಮೇಧಾ. "ಕ್ಷಮೆ ಕೇಳೋಕೆ ಬಂದ್ವಿ."

"ನನ್ನ ಯಾಕೆ ಕೇಳ್ತೀರಮ್ಮ. ನಂಗೇನ್ ಮಾಡಿದ್ಲು?" ಎಂದು ಗಂಗರತ್ನಮ್ಮ ಒಳಗೆ ನೋಡಿ, "ಲೇ ಮೇಘ, ಬಾರೇ ಇಲ್ಲಿ," ಎಂದು ಕರೆದರು.

ಮೇಘನ ಸೊಪ್ಪಿನ ಬುಟ್ಟಿ ಹಿಡಿದುಕೊಂಡೇ ಬಂದಳು. ಸೌಪರ್ಣಿಕಾ ಎದ್ದು ನಿಂತು, "ಸಾರಿ," ಎಂದಳು. ಬಸ್ಸಿನಲ್ಲಿ ಯಾರದೋ ಕಾಲು ತುಳಿದಾಗ ಹೇಳುವ ಸಾರಿ.

ಮೇಘನ ಬುಟ್ಟಿ ಕೆಳಗಿಟ್ಟಳು. ಎರಡು ಹೆಜ್ಜೆ ಹಿಂದೆ ಹೋಗಿ, ಅಲ್ಲಿಂದ ಕಲ್ಲಿನ ತನಕ ನಡೆದು ಬಂದಳು. ಗಲ್ಲ ಮೇಲಕ್ಕೆ, ಕಣ್ಣು ಯಾರ ಮೇಲೂ ಇಲ್ಲ. ಕಲ್ಲಿನ ಹತ್ತಿರ ನಿಂತು ಲಂಗವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, ಕೂರುವ ಜಾಗವನ್ನು ಒಮ್ಮೆ ಊದಿ, ತುದಿಯಲ್ಲಿ ಮಾತ್ರ ಕೂತಳು. ಆಮೇಲೆ ಪಕ್ಕದಲ್ಲಿ ಯಾರೋ ಇದ್ದ ಹಾಗೆ ಒಂದಿಷ್ಟು ದೂರ ಸರಿದುಕೊಂಡು, ತುಟಿಯ ಒಂದು ಮೂಲೆಯನ್ನು ಮಾತ್ರ ಎಳೆದು, "ಸಾರಿ," ಎಂದಳು.

ಅದು ಸೌಪರ್ಣಿಕಾ ಎಂಬುದರಲ್ಲಿ ಸುಮೇಧಾಗೆ ಸಂಶಯವಿರಲಿಲ್ಲ. ಆದರೆ ಆ ಊದುವುದು, ಸರಿದುಕೊಳ್ಳುವುದು, ತುಟಿಯ ಆ ಮೂಲೆ, ಅವೆಲ್ಲ ನಂದಕಿಶೋರನದು. ಯಾರ ಮನೆಗೆ ಹೋದರೂ ಅವನು ಕೂರುತ್ತಿದ್ದುದೇ ಹಾಗೆ. ಇಷ್ಟು ವರ್ಷ ಪಕ್ಕದಲ್ಲೇ ಕೂತು ನೋಡಿದ್ದರೂ ಅವಳಿಗೆ ಅದು ಕಂಡಿರಲಿಲ್ಲ.

ಗಂಗರತ್ನಮ್ಮ ಸೆರಗಿನಲ್ಲಿ ನಗು ಒರೆಸಿಕೊಂಡು, "ಸಾಕು ಬಿಡೇ. ನಾವೂ ಅವರಂಗೇ ಆಗೋದು ಬ್ಯಾಡ," ಎಂದರು. ಆಮೇಲೆ ಸೌಪರ್ಣಿಕಾಳ ಕಡೆ ತಿರುಗಿ, ಮುಟ್ಟಿದರೆ ಎಲೆ ಉದುರುವ ಕಾಯಿಲೆ ಗಿಡವನ್ನು ನೋಡುವ ಹಾಗೆ ನೋಡಿದರು. "ಇಷ್ಟ್ ಚಿಕ್ ವಯಸ್ಗೆ ತಾನಾಗೇ ಬರೋ ಬುದ್ಧಿ ಅಲ್ಲಮ್ಮ ಇದು. ಯಾರ್ ಯೋಳ್ಕೊಟ್ರು ಇವಳ್ಗೆ?"

ಗಂಗರತ್ನಮ್ಮ ಕಾಫಿ ಕೊಟ್ಟರು. ಅದರ ಜೊತೆ ಕ್ಷಮೆ ಕೊಡಲಿಲ್ಲ. ಮೇಘನ ಬುಟ್ಟಿ ಎತ್ತಿಕೊಂಡು ಹುಳು ಮನೆಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ.

ವಾಪಸು ಬರುವಾಗ ಟೊಮೇಟೊ ತೋಟದ ತಿರುವಿನಲ್ಲಿ ಸೌಪರ್ಣಿಕಾ ಹಿಂದಿನಿಂದ ಕೇಳಿದಳು. "ಅಮ್ಮ, ನಾನು ಹಾಗೆ ಕೂರ್ತೀನಾ?"

"ಹೂಂ."

"ಯಾವಾಗ್ಲೂ?"

"ಯಾವಾಗ್ಲೂ."

ಮನೆ ತಲುಪುವ ಹೊತ್ತಿಗೆ ನಂದಕಿಶೋರ ಕುದಿಯುತ್ತಿದ್ದ. ಹೆಡ್ಮಾಸ್ಟರು ಅವನನ್ನು ಕರೆಸಿದ್ದರು. ಚನ್ನರಾಯಪ್ಪ ಶಾಲೆಗೆ ಬಂದು, ಗಲಾಟೆ ಏನೂ ಮಾಡದೆ, ಮಗಳು ಶಾಲೆಗೆ ಹೋಗಲ್ಲ ಎನ್ನುತ್ತಿದ್ದಾಳೆ, ಇಲ್ಲೇನಾಯಿತು ಎಂದಷ್ಟೇ ವಿಚಾರಿಸಿ ಹೋಗಿದ್ದರಂತೆ. ಅಷ್ಟಕ್ಕೇ ಹೆಡ್ಮಾಸ್ಟರು ಬೆವರಿದ್ದರು. ನಂದಕಿಶೋರ ಅಲ್ಲಿ ಆಡಿ ಬಂದ ಮಾತನ್ನು ಹೆಂಡತಿಯ ಮುಂದೆ ಹೆಮ್ಮೆಯಿಂದ ಮತ್ತೆ ಆಡಿ ತೋರಿಸಿದ. "ಈ ಶಾಲೆಗೆ ಬರೋ ಮುಂಚೆ ನನ್ನ ಮಗಳ ಕಿವಿಗೆ ಅಂಥ ಭಾಷೆ ಬಿದ್ದೇ ಇರಲಿಲ್ಲ ಸಾರ್. ಬಿದ್ದಿದ್ದಕ್ಕೆ ಅಣಕಿಸಿದ್ಲು. ಈಗ ಹೇಳಿ, ತಪ್ಪು ಮಗಳದ್ದಾ, ಪರಿಸರದ್ದಾ, ಅಂತ ಕೇಳ್ದೆ. ಬಾಯಿ ಮುಚ್ಕೊಂಡ್ರು. ಟಿಸಿ ಕೇಳಿ ಬಂದಿದ್ದೀನಿ. ಕೋಲಾರದಲ್ಲಿ ಒಂದು ಮನೆ ನೋಡಿದ್ದೀನಿ. ಈ ಸಲ ಅಕ್ಕಪಕ್ಕ ಎಲ್ಲಾ ಡಾಕ್ಟರುಗಳು."

ಸುಮೇಧಾ ಅನ್ನದ ಪಾತ್ರೆ ಮೇಜಿನ ಮೇಲಿಟ್ಟಳು. ಸೌಪರ್ಣಿಕಾ ತಟ್ಟೆಯ ಮುಂದೆ ಕೂತಿದ್ದಳು.

"ನಾವು ಬರಲ್ಲ," ಎಂದಳು ಸುಮೇಧಾ.

"ಅಂದ್ರೆ?"

"ನಾನು, ಇವಳು, ಇಲ್ಲೇ ಇರ್ತೀವಿ. ಟಿಸಿ ಬೇಡ ಅಂತ ಹೆಡ್ಮಾಸ್ಟರಿಗೆ ನಾನೇ ಹೇಳ್ತೀನಿ. ಮುಳಬಾಗಿಲಿನ ಜನ ಸರಿಯಿಲ್ಲ ಅಂದ್ರಿ, ಮಾಲೂರಿನವರು ಸರಿಯಿಲ್ಲ ಅಂದ್ರಿ, ಕೋಲಾರದ ಮೇಷ್ಟ್ರೂ ಸರಿಯಿಲ್ಲ ಅಂದ್ರಿ. ಅವರೆಲ್ಲ ಇವಳಿಗೆ ಏನ್ ಕಲಿಸಿದ್ರು? ಕಲಿಸೋಕೆ ಎಲ್ಲಿ ಬಿಟ್ರಿ ನೀವು? ಇವಳು ಕಲಿತಿರೋದೆಲ್ಲ ಈ ಮೇಜಿನ ಮುಂದೆ ಕೂತು ಕಲಿತಿದ್ದು. ನೀವು ಮಾಡಿ ತೋರಿಸಿದ್ರಿ. ನಾನು ನೋಡ್ಕೊಂಡು ಸುಮ್ನಿದ್ದೆ."

ನಂದಕಿಶೋರನಿಗೆ ಉಳಿದಿದ್ದು ಒಂದೇ ವಿದ್ಯೆ. ಕತ್ತು ಒಂದು ಕಡೆ ವಾಲಿಸಿ, ದನಿ ಸಣ್ಣಗೆ ಮಾಡಿ, ಸುಮೇಧಾಳ ಹಾಗೆಯೇ ಮೂಗಿನ ತುದಿ ಒರೆಸಿಕೊಂಡು, "ನೀವು ಮಾಡಿ ತೋರಿಸಿದ್ರಿ, ನಾನು ನೋಡ್ಕೊಂಡು ಸುಮ್ನಿದ್ದೆ," ಎಂದ. ಚೆನ್ನಾಗಿಯೇ ಬಂತು. ಮಾಡಿ ಮುಗಿಸಿ, ಅಭ್ಯಾಸದಂತೆ, ನಗುವಿಗಾಗಿ ಮಗಳ ಕಡೆ ತಿರುಗಿದ.

ಸೌಪರ್ಣಿಕಾ ಅಪ್ಪನ ಬಾಯನ್ನೇ ನೋಡುತ್ತಿದ್ದಳು. ಅಂಗಳದಲ್ಲಿ ಮೇಘನಳನ್ನು ನೋಡಿದ ಹಾಗೆ ಎವೆಯಿಕ್ಕದೆ ನೋಡುತ್ತಿದ್ದಳು. ನಗಲಿಲ್ಲ. ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ, ಅಲ್ಲಿ ನೆಲದ ಮೇಲೆ ಕೂತು ಊಟ ಮುಗಿಸಿದಳು.

ತಿಂಗಳು ಕಳೆಯುವುದರೊಳಗೆ ನಂದಕಿಶೋರ ಮುಳಬಾಗಿಲಿಗೆ, ತಾಯಿಯ ಮನೆಗೆ ಹೋದ. ಹೆಂಡತಿ ದಾರಿಗೆ ಬರುವ ತನಕ ಎಂದು ಹೇಳಿಕೊಂಡ. ಭಾನುವಾರ ಬಂದು ಹೋಗುತ್ತಿದ್ದ. ಕೆಲಸದ ಒತ್ತಡ ಎಂದು ಜಾನಕಮ್ಮನ ಹತ್ತಿರ ಹೇಳಿದಾಗ ಅವರು, "ಬೀದಿ ಜನ ಕೆಟ್ಟೋರು ಅಂತ ಬಿಟ್ಹೋದೋನು ನೀನು. ಈಗ ಅವರ ಜೊತೆ ಹೆಂಗಪ್ಪಾ ಇರ್ತೀಯ?" ಎಂದು ಕೇಳಿ, ಊಟಕ್ಕೆ ಬಡಿಸಿದರು. ಅವನು ಇದ್ದ. ಚೆನ್ನಾಗಿಯೇ ಇದ್ದ.

ಮೇಘನ ಶಾಲೆಗೆ ವಾಪಸು ಬಂದಳು. ಯಾರೂ ಕರೆಯಲು ಹೋಗಿರಲಿಲ್ಲ, ತಾನೇ ಬಂದಳು. ಪ್ರಾರ್ಥನೆಯಲ್ಲಿ ಮತ್ತೆ ವಾರ್ತೆ ಓದಿದಳು, ಮೊದಲಿನ ಹಾಗೆಯೇ ಓದಿದಳು. ಸೌಪರ್ಣಿಕಾಳ ಜೊತೆ ಆ ವರ್ಷವಿಡೀ ಮಾತಾಡಲಿಲ್ಲ. ಸೌಪರ್ಣಿಕಾಗೆ ಬೇರೆ ಗೆಳತಿಯರೂ ಆಗಲಿಲ್ಲ. ಗೆಳತಿಯರನ್ನು ಹೇಗೆ ಮಾಡಿಕೊಳ್ಳುವುದು ಎಂಬುದು ಅವಳಿಗೆ ಮರೆತುಹೋಗಿತ್ತು. ಸಂಜೆ ತಾಯಿಯ ಜೊತೆ ಸಂತೆಗೆ ಹೋಗುತ್ತಿದ್ದಳು, ಚೀಲ ಹಿಡಿಯುತ್ತಿದ್ದಳು. ಸೊಪ್ಪು ಮಾರುವವರ ಜೊತೆ ತಾಯಿ ಮಾತಾಡುವುದನ್ನು ನಿಂತು ಕೇಳುತ್ತಿದ್ದಳು. ಅಷ್ಟೇ. ಸುಮೇಧಾ ಅದಕ್ಕಿಂತ ಹೆಚ್ಚನ್ನು ನಿರೀಕ್ಷಿಸಲಿಲ್ಲ. ಹದಿಮೂರು ವರ್ಷ ಕಲಿತದ್ದು ಒಂದು ಮಾವಿನ ಫಸಲು ಮುಗಿಯುವುದರೊಳಗೆ ಬಿಟ್ಟುಹೋಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಮಾರನೇ ವರ್ಷ ಮುಳಬಾಗಿಲಿನ ಒಂದು ಸಂಘದವರು ನಂದಕಿಶೋರನನ್ನು ಪೋಷಕರ ಸಮಾವೇಶಕ್ಕೆ ಭಾಷಣಕಾರನಾಗಿ ಕರೆದರು. ಮಕ್ಕಳ ವಿದ್ಯೆಗೆ ಪರಿಸರ ಎಷ್ಟು ಮುಖ್ಯ ಎಂಬುದು ವಿಷಯ. ಅವನು ಸೊಗಸಾಗಿ ಮಾತಾಡಿದನಂತೆ. ಬಂಗಾರದಂಥ ತನ್ನ ಮಗಳು ಹಳ್ಳಿ ಹುಡುಗಿಯೊಬ್ಬಳ ಸಹವಾಸದಿಂದ ಹೇಗೆ ಕೆಟ್ಟಳು, ಹೆಂಡತಿಯ ಬುದ್ಧಿಯೂ ಹೇಗೆ ಮಂಕಾಯಿತು ಎಂದು ಉದಾಹರಣೆ ಕೊಟ್ಟನಂತೆ. ಹಳ್ಳಿ ಹುಡುಗಿಯ ದನಿ ತೆಗೆದಾಗ ಸಭೆಯಲ್ಲಿ ಭಾರಿ ಚಪ್ಪಾಳೆ ಬಿತ್ತಂತೆ. ಜಾನಕಮ್ಮ ಫೋನಿನಲ್ಲಿ ಇದನ್ನು ಹೇಳಿ, "ನಾನು ಎದ್ದು ಬಂದೆ," ಎಂದು ಮುಗಿಸಿದರು.

ಸುಮೇಧಾ ಫೋನು ಇಟ್ಟಾಗ ಸೌಪರ್ಣಿಕಾ ಎದುರಿಗೇ ಇದ್ದಳು.

"ಅಜ್ಜಿನಾ? ಅಪ್ಪ ಭಾಷಣದಲ್ಲಿ ನನ್ನ ವಿಷಯ ಹೇಳಿದ್ರಾ?"

"ಹೇಳಿದ್ರಂತೆ."

"ಮೇಘನ ವಿಷಯ?"

"ಅದನ್ನೂ."

"ಏನಂತ?"

ಸುಮೇಧಾ ಮುಚ್ಚಿಡಲಿಲ್ಲ. ಕೇಳಿದ್ದನ್ನೆಲ್ಲ ಹೇಳಿದಳು. ಸೌಪರ್ಣಿಕಾಳ ಮುಖ ಕೆಂಪಾಯಿತು.

"ಮಾಡಿದ್ದು ನಾನು," ಎಂದಳು. "ಅದನ್ನ ತಗೊಂಡ್‌ಹೋಗಿ ಅವಳ ತಲೆ ಮೇಲೆ ಯಾಕೆ ಹಾಕ್ತಾರೆ?"

"ನೀನೇ ಕೇಳು. ಭಾನುವಾರ ಬರ್ತಾರಲ್ಲ."

"ಕೇಳ್ತೀನಿ," ಎಂದು ಸೌಪರ್ಣಿಕಾ ಹೋಗಿ ಓದಲು ಕೂತಳು.